ನಾರ್ಮಲ್ ಬದಲಾಗಿದೆಯಂತೆ, ಉಳಿಸಬೇಕೇ?

ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ನಾನು ಗುತ್ತಿಗೆಯ ಟೈಪಿಸ್ಟ್. ದಿನಾ ನೌಬಾದದಿಂದ ಬಸ್ಸು ಹಿಡಿಯುತ್ತೇನೆ. ಗುತ್ತಿಗೆ ವರ್ಷಕ್ಕೊಮ್ಮೆ ಮುಗಿಯುತ್ತದೆ, ಮುಂದುವರಿಸಲು ಹೆಡ್‌ಮಾಸ್ಟರ್ ಸಹಿ ಬೇಕು. ಒಂಬತ್ತನೆಯ ವರ್ಷದ ಸಹಿಗೆ ಹನ್ನೆರಡು ದಿನ ಉಳಿದಿದ್ದಾಗ ಆಫೀಸಿನ ಕಂಪ್ಯೂಟರಿಗೆ ಹೊಸ ಚಾಳಿ ಹಿಡಿಯಿತು. ಪತ್ರ ಟೈಪ್ ಮಾಡಿ, ಸೇವ್ ಮಾಡಿ, ಮುಚ್ಚಲು ಹೋದರೆ ಪರದೆಯ ನಡುವೆ ಒಂದು ಡಬ್ಬಿ ಎದ್ದು ಕೇಳುತ್ತಿತ್ತು: ‘ನಾರ್ಮಲ್’ ಎಂಬ ಮೂಲ ನಮೂನೆಯಲ್ಲಿ ಬದಲಾವಣೆಗಳಾಗಿವೆ, ಉಳಿಸಬೇಕೇ?

ಬೇಡ ಎಂದು ಒತ್ತಿ ನಾನು ಮನೆಗೆ ಹೋಗುತ್ತಿದ್ದೆ. ಒಂದು ಸಂಜೆ ಹೆಡ್‌ಮಾಸ್ಟರ್ ಬೆನ್ನ ಹಿಂದೆಯೇ ನಿಂತಿದ್ದರು. ಮೇಲಿನವರು ಏನಾದರೂ ಕೇಳಿಬಿಟ್ಟರೆ ಎಂಬ ಭಯದಲ್ಲೇ ಉಂಡು, ಅದೇ ಭಯದಲ್ಲೇ ಮಲಗುವ ಮನುಷ್ಯ.

“ಬದಲಾವಣಿ ಯಾರು ಮಾಡ್ಯಾರ್ರಿ ಮೇಡಂ?”

“ಯಾರೂ ಮಾಡಿಲ್ರಿ ಸರ್.”

“ಯಾರೂ ಮಾಡ್ಲಾರ್ದೆ ಅದು ಯಾಕ ಕೇಳ್ತದ್ರಿ?”

ಮರುದಿನ ಒಂದು ರಜಿಸ್ಟರ್ ಬಂತು. ನಮ್ಮ ಶಾಲೆಯಲ್ಲಿ ಸೀಮೆಸುಣ್ಣಕ್ಕೆ, ಕೀಲಿಕೈಗೆ, ಮಂಗ ಒಡೆದ ಹೆಂಚಿಗೆ ಕೂಡ ರಜಿಸ್ಟರ್ ಇದೆ. ಈಗ ಡಬ್ಬಿಗೂ ಆಯಿತು: ತಾರೀಖು, ವೇಳೆ, ಕೇಳಿದ ಪ್ರಶ್ನೆ, ಕೊಟ್ಟ ಉತ್ತರ, ದಸ್ತಖತ್. ಮೂರೇ ದಿನಕ್ಕೆ ಎರಡು ಪುಟ ತುಂಬಿದವು. ಪ್ರತಿ ಸಾಲಿನಲ್ಲೂ ‘ಬೇಡ’, ಪ್ರತಿ ಸಾಲಿಗೂ ನನ್ನ ದಸ್ತಖತ್. ಓದಿದರೆ ಈ ಹೆಂಗಸು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ನನಗೇ ಅನ್ನಿಸುತ್ತಿತ್ತು. ಹೆಡ್‌ಮಾಸ್ಟರಿಗೆ ಅನ್ನಿಸದೇ ಇರುತ್ತದೆಯೇ? ಲಿಖಿತ ಸಮಜಾಯಿಷಿ ಕೇಳಿದರು.

ಅದನ್ನೂ ಅದೇ ಕಂಪ್ಯೂಟರಿನಲ್ಲೇ ಟೈಪ್ ಮಾಡಬೇಕಲ್ಲ. ‘ನಾನು ಯಾವುದೇ ಬದಲಾವಣೆ ಮಾಡಿರುವುದಿಲ್ಲ’ ಎಂದು ಬರೆದು ಮುಚ್ಚಿದೆ. ಬದಲಾವಣೆಗಳಾಗಿವೆ, ಉಳಿಸಬೇಕೇ ಎಂದಿತು ಡಬ್ಬಿ.

“ನೋಡ್ರಿ,” ಎಂದರು ಹೆಡ್‌ಮಾಸ್ಟರ್. “ಈ ವರ್ಷ ನಿಮ್ಮ ಆರ್ಡರ್ ಹ್ಯಾಂಗ ಮಾಡ್ಲಿ, ನೀವೇ ಹೇಳ್ರಿ.”

ಭಾನುವಾರ ಔರಾದಿನ ಅಕ್ಕನ ಮನೆಗೆ ಹೋದಾಗ, ಅಲ್ಲಿಯ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ರಿಪೇರಿಯವರಿಗೆ ನನ್ನ ಗೋಳು ಹೇಳಿಕೊಂಡೆ. ಅವರು ನಕ್ಕುಬಿಟ್ಟರು.

“ತಂಗಿ, ಬ್ಲೂಟೂತ್ ಹಾಕ್ದಾಗ ಅದರ ಜೋಡಿ ಒಂದು ಸಣ್ಣ ಪ್ರೋಗ್ರಾಂ ಬಂದು ಕುಂತಿರ್ತದ. ಅದೇ ಸುಮ್ ಸುಮ್ನೆ ನಾರ್ಮಲ್‌ಗೆ ಕೈ ಹಚ್ತದ. ಆ್ಯಡ್-ಇನ್ ಅಂತ ಪಟ್ಟಿ ಇರ್ತದ ನೋಡ್ರಿ, ಅದ್ರಾಗ ಅದರ ಟಿಕ್ ತೆಗೀರಿ, ಮುಗೀತು.”

ಸೋಮವಾರ ಟಿಕ್ ತೆಗೆದೆ. ಎಷ್ಟು ಪತ್ರ ಮುಚ್ಚಿದರೂ ಡಬ್ಬಿಯ ಸುಳಿವಿಲ್ಲ. ಎದೆ ಹಗುರಾಯಿತು. ಸಂಜೆ ರಜಿಸ್ಟರಿನಲ್ಲಿ ಆ ದಿನದ ಸಾಲು ಖಾಲಿ ಇದ್ದದ್ದು ನೋಡಿ ಹೆಡ್‌ಮಾಸ್ಟರ್ ಬೆವತರು. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ.

“ನಾಳೆ ಯಾರರೆ ಬಂದು ಪ್ರಶ್ನಿ ಎಲ್ಲಿ ಹೋಯ್ತು ಅಂದ್ರ? ಪರ್ಮಿಶನ್ ಯಾರು ಕೊಟ್ರು ಅಂದ್ರ? ಮೊದ್ಲಿನಂಗ ಮಾಡ್ರಿ ಮೇಡಂ, ಕೈ ಮುಗೀತೀನಿ!”

ರಜಿಸ್ಟರನ್ನು ಕಿಟಕಿಯಾಚೆ ಎಸೆಯುವಷ್ಟು ಸಿಟ್ಟು ಬಂತು. ಆದರೆ ಸಹಿಗೆ ಎರಡೇ ದಿನವಿತ್ತು. ಟಿಕ್ ಹಾಕಿದೆ. ಡಬ್ಬಿ ಬಂತು. ಅವರು ನೀರು ಕುಡಿದರು.

ಕೊನೆಯ ದಿನ ನನ್ನ ಆದೇಶದ ಕರಡನ್ನು ನನಗೇ ಟೈಪ್ ಮಾಡಲು ಕೊಟ್ಟರು: ‘ಸದರಿ ಪ್ರಶ್ನೆಗೆ ಉತ್ತರಿಸಿ ದಸ್ತಖತ್ ಮಾಡುವ ಬೇರೆ ಸಿಬ್ಬಂದಿ ಇಲ್ಲದ ಕಾರಣ, ಇವರನ್ನು ಒಂದು ವರ್ಷ ಮುಂದುವರಿಸಲಾಗಿದೆ.’ ಅಷ್ಟು ವರ್ಷದ ಟೈಪಿಂಗ್ ಬಗ್ಗೆ ಒಂದಕ್ಷರವಿರಲಿಲ್ಲ. ಕೆಲಸ ಉಳಿಯಿತೆಂದು ಖುಷಿಯಾಯಿತು, ಅದಕ್ಕಿಂತ ಹೆಚ್ಚು ಅವಮಾನವಾಯಿತು. ತಪ್ಪಿಲ್ಲದೆ ಟೈಪ್ ಮಾಡಿಕೊಟ್ಟೆ.

ಶಾಲೆಗೆ ಹೊಸ ಕಂಪ್ಯೂಟರ್ ಬರುತ್ತದಂತೆ ಎಂದು ಸ್ಟಾಫ್‌ರೂಮಿನಲ್ಲಿ ಆಗಾಗ ಸುದ್ದಿ ಏಳುತ್ತದೆ. ಎಲ್ಲರೂ ಖುಷಿಪಡುತ್ತಾರೆ. ನನಗೆ ಮಾತ್ರ ಅವತ್ತು ಊಟ ಸೇರುವುದಿಲ್ಲ.