ಅಣ್ಣನ ಕೊನೆಯ ಸನ್ನೆ

ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಇಪ್ಪತ್ತು ರೂಪಾಯಿ ಟಿಕೆಟ್ಟು ಕೊಂಡು ಬಂಗಾರಪೇಟೆಯ ರೈಲು ಹತ್ತಿದೆ. ಅಲ್ಲಿ ಇಡ್ಲಿ ತಿಂದು, ರೈಲು ಬದಲಿಸಿ ಚಿನ್ನದ ಗಣಿಯೂರಿನ ಚಾಂಪಿಯನ್ ಸ್ಟೇಷನ್ನಿನಲ್ಲಿಳಿದೆ. ಗಣಿಮಣ್ಣಿನ ದಿಬ್ಬಗಳ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು.

ಹುಟ್ಟು ಕಿವುಡನಾದ ನನ್ನ ಅಣ್ಣ ಇಲ್ಲಿ ಟೈಲರ್ ಆಗಿದ್ದ. ಕಾಯಿಲೆ ಬಿದ್ದ ಮೇಲೆ ನಮ್ಮ ಮನೆಗೆ ಕರೆದೊಯ್ದಿದ್ದೆ. ಹೋದ ತಿಂಗಳು ತೀರಿಕೊಂಡ. ಕೊನೆಯ ಮೂರು ದಿನ ನನ್ನ ಮುಖವನ್ನೇ ನೋಡುತ್ತ ತನ್ನ ಎಡಕಿವಿಯ ಹಾಲೆಯನ್ನು ಎರಡೆರಡು ಸಲ ಚಿವುಟಿಕೊಳ್ಳುತ್ತಿದ್ದ. ಕಿವಿನೋವೆಂದು ಔಷಧಿ ಬಿಟ್ಟೆ, ಬಟ್ಟೆ ಸುತ್ತಿದೆ. ಕಿವಿಯಲ್ಲಿ ಏನೂ ಇಲ್ಲವೆಂದರು ಡಾಕ್ಟರು. ಮೂವತ್ತು ವರ್ಷ ಊರಿನ ಮಕ್ಕಳಿಗೆಲ್ಲ ಕನ್ನಡ ಕಲಿಸಿದ ಟೀಚರಮ್ಮ ನಾನು. ಒಡಹುಟ್ಟಿದವನ ಮಾತಿನಲ್ಲಿ ಊಟ, ನಿದ್ದೆ, ಬಾ, ಹೋಗು ಬಿಟ್ಟರೆ ಏನೂ ಬಾರದು. ನಾಚಿಕೆಯಾಗುತ್ತದೆ. ಬೆಂಗಳೂರಿನಲ್ಲಿ ಸನ್ನೆ ಭಾಷೆ ಕಲಿಸುವವರೊಬ್ಬರಿಗೆ ಅಣ್ಣ ಕಿವಿ ಚಿವುಟಿಕೊಳ್ಳುತ್ತಿದ್ದುದನ್ನು ಮಾಡಿ ತೋರಿಸಿದಾಗ, “ಇದು ನಮ್ಮಲ್ಲಿಲ್ಲ. ಅವರ ಗುಂಪಿನದೇ ಇರಬೇಕು, ಅಲ್ಲೇ ಕೇಳಿ” ಎಂದಿದ್ದರು.

ಅಣ್ಣನ ಗೆಳೆಯ ನಾರಾಯಣಪ್ಪನವರೂ ಕಿವುಡರು. ಅವರ ಮಗಳು ಗೌರಿಗೆ ಕಿವಿ ಕೇಳುತ್ತದೆ. ಅವಳು ಸ್ಟೇಷನ್ನಿಗೆ ಬಂದು ಕರೆದೊಯ್ದಳು. ಕಾರ್ಮಿಕರ ಹಳೇ ಮನೆಸಾಲಿನ ಮುಂದೆ ಏಳೆಂಟು ಮಂದಿ ಕಿವುಡರು, ಎಲ್ಲರ ಕೈ ಎಲ್ಲರಿಗೂ ಕಾಣುವಂತೆ ದುಂಡಗೆ ನಿಂತಿದ್ದರು. ಪ್ರತಿ ಭಾನುವಾರ ಹೀಗೇ ಸೇರುತ್ತಾರಂತೆ. ಅಣ್ಣ ಹೇಗೆ ಹೋದನೆಂದು ಕೇಳಿದರು. ಹೇಳಿದೆ, ಗೌರಿ ಅದನ್ನು ಕೈಸನ್ನೆಗೆ ತಂದಳು. ಆಮೇಲೆ ನಾನೇ ಕಿವಿಯ ಹಾಲೆ ಹಿಡಿದು ಎರಡು ಸಲ ಚಿವುಟಿ ತೋರಿಸಿದೆ.

ಆಡುತ್ತಿದ್ದ ಕೈಗಳೆಲ್ಲ ನಿಂತವು. ನಾರಾಯಣಪ್ಪ ಮುಖ ಮುಚ್ಚಿಕೊಂಡರು.

“ಅದು ನೋವಲ್ಲ ಅತ್ತೆ, ಎಸರು,” ಎಂದಳು ಗೌರಿ. “ಇವ್ರು ಒಬ್ಬೊಬ್ರಿಗೂ ಒಂದೊಂದು ಗುರ್ತು ನೋಡಿ ಎಸರಿಡ್ತಾರೆ.”

“ಯಾರ ಹೆಸರು?”

“ನಿಮ್ದೇ. ನಿಮ್ ಮಾತು ತೆಗ್ದಾಗೆಲ್ಲ ದೊಡ್ಡಪ್ಪ ಇಂಗೇ ತೋರುಸ್ತಿದ್ದದ್ದು.”

ಚಿಕ್ಕಂದಿನಲ್ಲಿ ಆಡುವಾಗ ಅಣ್ಣನ ಕೈಗೆ ನನ್ನ ಓಲೆ ಸಿಕ್ಕಿ ಎಡಕಿವಿಯ ಹಾಲೆ ಹರಿದಿತ್ತು. ಹೊಲಿಗೆಯ ಗುರುತು ಇನ್ನೂ ಇದೆ. ಮೂರು ದಿನ ಅವನು ನನ್ನನ್ನು ಕರೆದ. ಮೂರು ದಿನವೂ ನಾನು ಔಷಧಿ ಬಿಟ್ಟೆ. ಅಲ್ಲೇ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ.

ನಾರಾಯಣಪ್ಪ ಏನೋ ಕೇಳಿದರು.

“ಕರ್ದಾಗ ನೀವು ಅಲ್ಲೇ ಇದ್ರಾ ಅಂತ ಕೇಳ್ತಾವ್ರೆ ಅಪ್ಪ.”

“ಪಕ್ಕದಲ್ಲೇ ಇದ್ದೆ.”

“ಅಂಗಾದ್ರೆ ಸರಿ ಬಿಡಿ ಅಂತಾವ್ರೆ.”

ಊಟಕ್ಕೆ ಮುದ್ದೆ, ಅವರೆಕಾಳು ಸಾರು ಬಡಿಸಿದರು. ಸಂಜೆ ಎಲ್ಲರೂ ಸ್ಟೇಷನ್ನಿನವರೆಗೂ ಬಂದರು. ರೈಲು ಹೊರಟಾಗ ಅವರು ಕೈ ಬೀಸಲಿಲ್ಲ. ಒಟ್ಟಿಗೆ ಎಡಕಿವಿಯ ಹಾಲೆ ಹಿಡಿದು ಎರಡು ಸಲ ಚಿವುಟಿದರು. ಅವರಿಗೆ ಕೇಳಿಸದೆಂದು ಗೊತ್ತಿದ್ದೂ ನಾನು ಬಾಗಿಲಲ್ಲಿ ನಿಂತು ಗಟ್ಟಿಯಾಗಿ “ಓ” ಎಂದೆ.