ಓರೆಸ್ಟ್ ಬಿಲಿಕ್‌ನ ಪೊರಕೆ ತಗುಲಿದ ಕಲ್ಲು

ನಮ್ಮ ಡನ್‌ಬ್ರೇಯಲ್ಲಿ ಐಸ್ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಡದ ಗಂಡಸು ಸಿಕ್ಕರೂ ಸಿಕ್ಕಾನು, ಓರೆಸ್ಟ್ ಬಿಲಿಕ್‌ನಿಂದ ಬೈಸಿಕೊಳ್ಳದ ಆಟಗಾರ ಸಿಗುತ್ತಿರಲಿಲ್ಲ. ಹಗಲೆಲ್ಲ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಬೋಲ್ಟು ಬೆಲ್ಟು ಮಾರಿ, ಸಂಜೆಯಾದರೆ ಐಸ್ ಅಂಗಳದ ರಿಂಕಿನಲ್ಲಿ ಗಾಜಿನ ಗೋಡೆಯ ಹಿಂದೆ ಹೀಟರಿಗೆ ಬೆನ್ನು ಕೊಟ್ಟು ಕೂರುವುದು ಅವನ ವಾಡಿಕೆ. ಒಬ್ಬ ಕಲ್ಲು ಬಿಟ್ಟರೆ ‘ತೂಕ ಸಾಲದು’, ಅಂದರೆ ವೇಗ ಸಾಲದು, ಎನ್ನುವನು. ಅದೇ ಕಲ್ಲು ಗುರಿಯ ವೃತ್ತದ ನಡುವೆ ಹೋಗಿ ನಿಂತರೆ ‘ಅದೃಷ್ಟ’ ಎನ್ನುವನು. ಕಲ್ಲು ಸರಾಗ ಜಾರಲೆಂದು ಅದರ ಮುಂದೆ ಪೊರಕೆಯಿಂದ ಐಸ್ ಉಜ್ಜುತ್ತ ಓಡುವವರಂತೂ ಅವನ ಲೆಕ್ಕದಲ್ಲಿ ಅಡುಗೆಮನೆ ಗುಡಿಸುವುದಕ್ಕೂ ನಾಲಾಯಕ್ಕು. ಅವನು ತಾನೇ ಆಡುವುದನ್ನು ಬಿಟ್ಟು ಎಷ್ಟೋ ಚಳಿಗಾಲ ಕಳೆದಿತ್ತು. ಮೊಣಕಾಲು ಎಂದು ಕಾರಣ ಕೊಡುತ್ತಿದ್ದ. ಯಾವ ಮೊಣಕಾಲು ಎಂಬುದು ಮಾತ್ರ ಕೇಳಿದವರನ್ನು ನೋಡಿಕೊಂಡು ಬದಲಾಗುತ್ತಿತ್ತು.

ಆ ವರ್ಷ ವೃತ್ತಿಪರ ಗಂಡಸರ ಪಂದ್ಯಾವಳಿ ನಮ್ಮೂರಿಗೆ ಬಂತು. ಊರಿಗೆ ಊರೇ ತಲೆ ಕೆಡಿಸಿಕೊಂಡಿತು. ಮೇಯರ್ ಹೊಸ ಕೋಟು ಹೊಲಿಸಿದ. ಚರ್ಚಿನ ಹೆಂಗಸರು ಆಲೂಗಡ್ಡೆ ತುಂಬಿದ ಕಡುಬಿನಂಥ ಪಿರೋಗಿಗಳನ್ನು ಗುಡ್ಡೆ ಹಾಕಿದರು. ಟಿವಿಯವರು ಬಂದು ತಂಡಗಳ ನಾಯಕರ ಕಾಲರಿಗೆ ಮೈಕು ಸಿಕ್ಕಿಸಿದರು. ಅದರಲ್ಲೂ ಒಂಟಾರಿಯೋದ ಲಾಕ್ಲನ್ ಪೈಕ್ ಎಂಬ ನಾಯಕನಿಗೆ ಮೈಕು ಹುಟ್ಟಿನಿಂದಲೇ ಬಂದ ಅಂಗದಂತಿತ್ತು. ಕ್ಯಾಮೆರಾ ಕಂಡರೆ ಹಲ್ಲು, ಕ್ಯಾಮೆರಾ ಅತ್ತ ತಿರುಗಿದರೆ ಹುಬ್ಬುಗಂಟು.

ಕ್ವಾರ್ಟರ್ ಫೈನಲ್ ದಿನ ಬೆಳಿಗ್ಗೆ ಪೈಕ್‌ನ ತಂಡದಲ್ಲಿ ಮೊದಲ ಕಲ್ಲು ಬಿಡುವ ಹುಡುಗ ಹೊಟ್ಟೆ ಹಿಡಿದುಕೊಂಡು ಮಲಗಿದ. ಪಿರೋಗಿಯನ್ನು ಅವನು ಕಂಡಾಪಟ್ಟೆ ಹೊಡೆದಿದ್ದ. ಬದಲಿಗೆ ಸ್ಥಳೀಯ ಆಟಗಾರನೊಬ್ಬ ಆದೀತು ಎಂದರು ಸಂಘಟಕರು. ಊರಿನ ಗಟ್ಟಿಮುಟ್ಟಾದ ಗಂಡಸರೆಲ್ಲ ಗಣಿಯ ಪಾಳಿಗೆ ಹೋಗಿದ್ದರು. ಕಾಫಿ ಮೇಜಿನ ಸುತ್ತ ಉಳಿದಿದ್ದವರು ನಾವು ಮುದುಕರು. ನಮ್ಮ ಡೆಲ್ಮರ್, ಗೋಧಿ ಬೆಳೆಯುವವನು, ಲೋಟ ಕೆಳಗಿಟ್ಟ.

“ನಮ್ಮ ಓರೆಸ್ಟ್ ಇದಾನಲ್ಲ, ಕರ್ಕೊಂಡು ಹೋಗಿ. ಅವನಿಗೆ ಗೊತ್ತಿಲ್ದೇ ಇರೋದು ಏನೂ ಇಲ್ಲ.”

ಓರೆಸ್ಟ್‌ನ ಮುಖ ಬಿಳಿಚಿತು. “ಲೋ ಡೆಲ್ಮರ್, ನನ್ನ ಮೊಣಕಾಲು...”

“ಯಾವುದು, ಎಡದ್ದೋ ಬಲದ್ದೋ? ಇವತ್ತಾದ್ರೂ ತೀರ್ಮಾನ ಮಾಡ್ಕೊಳೋ.”

ಇಷ್ಟು ಜನರೆದುರು ಇಲ್ಲವೆನ್ನಲು ಅವನ ಬಾಯಿಗೆ ಅಭ್ಯಾಸವಿರಲಿಲ್ಲ. ಹೆಂಡತಿ ಅಡೆಲ್ ಅವನ ಹಳೇ ಬೂಟು ತಂದುಕೊಟ್ಟಳು. “ರೀ, ಉಸಿರು ಉಳಿಸ್ಕೊಳ್ಳಿ. ಮಾತಾಡೋಕೆ ಖರ್ಚು ಮಾಡ್ಬೇಡಿ,” ಎಂದಳು.

ಓರೆಸ್ಟ್‌ನ ಮೊದಲ ಕಲ್ಲು ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ಗಾಜಿನ ಹಿಂದಿನಿಂದ ಡೆಲ್ಮರ್ “ತೂಕ ಸಾಲದು” ಎಂದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಂಥ ಸುಖ ನಮಗೆ ಆ ಚಳಿಗಾಲದಲ್ಲಿ ಇನ್ನೊಂದಿರಲಿಲ್ಲ. ಪೈಕ್ ಅವನಿಂದ ಏನನ್ನೂ ನಿರೀಕ್ಷಿಸುವುದನ್ನು ಬಿಟ್ಟು, ಉಳಿದಿಬ್ಬರ ಬಲದಿಂದಲೇ ಆಟವನ್ನು ಕೊನೆಯ ಸುತ್ತಿನವರೆಗೆ ಸಮನಾಗಿ ಎಳೆದ. ಓರೆಸ್ಟ್ ಉಜ್ಜುತ್ತ ಉಜ್ಜುತ್ತ ಕುಲುಮೆಯ ತಿದಿಯಂತೆ ಏದುಸಿರು ಬಿಡುತ್ತಿದ್ದ. ಪೈಕ್‌ನ ಮೈಕಿನಲ್ಲಿ ಆ ಸದ್ದು ನಾಡಿಗೆಲ್ಲ ಕೇಳಿಸಿತಂತೆ.

ಕಟ್ಟಕಡೆಯ ಕಲ್ಲು ಪೈಕ್‌ನದು. ಓರೆಸ್ಟ್ ಮತ್ತು ಜೊತೆಗಾರ ಅದರ ಮುಂದೆ ಉಜ್ಜಿಕೊಂಡು ಓಡಿದರು. ಕಲ್ಲು ನಿಧಾನವಾಗಿ ಬಾಗಿ, ವೃತ್ತದ ನಟ್ಟನಡುವೆ ಹೋಗಿ ಕುಳಿತುಕೊಂಡಿತು. ರಿಂಕಿಗೆ ರಿಂಕೇ ಎದ್ದು ನಿಂತಿತು. ಪೈಕ್ ಪೊರಕೆ ಮೇಲೆತ್ತಿದ.

ಓರೆಸ್ಟ್ ಕೂಡ ಕೈ ಎತ್ತಿದ. “ನನ್ನ ಪೊರಕೆ ತಗುಲ್ತು.”

ಯಾರಿಗೂ ಅರ್ಥವಾಗಲಿಲ್ಲ. “ಕಲ್ಲಿಗೆ. ಕೊನೇಲಿ, ವೃತ್ತದ ಹತ್ರ. ತಗುಲ್ತು.”

ಪೈಕ್ ಐಸ್ ಮೇಲೆ ಸರ್ರನೆ ಜಾರಿಕೊಂಡು ಬಂದ. ಮೈಕನ್ನು ಅಂಗೈಯಲ್ಲಿ ಮುಚ್ಚಿ ಹಲ್ಲು ಕಚ್ಚಿ ಮಾತಾಡಿದ. ಆದರೆ ಜೊತೆಗಾರ ಅಲ್ಲೇ ಇದ್ದ, ಆಮೇಲೆ ಬಾರಿನಲ್ಲಿ ಎಲ್ಲವನ್ನೂ ನಮಗೆ ಹೇಳಿದ.

“ಯಾರೂ ನೋಡಿಲ್ಲ ಯಜಮಾನ್ರೇ. ಬಾಯಿ ಮುಚ್ಕೊಂಡಿರಿ.”

“ನಾನು ನೋಡ್ದೆನಲ್ಲ.”

“ನಿಮ್ಗೆ ಉಸಿರೇ ಇರ್ಲಿಲ್ಲ, ಏನು ನೋಡಿದ್ರಿ?”

“ತಪ್ಪು ಅಂದ್ರೆ ತಪ್ಪು ಕಣಯ್ಯಾ. ಪೊರಕೆ ಹಿಡಿದೋನು ಕತ್ತೆ. ನಾನು ಗಾಜಿನ ಹಿಂದೆ ಇದ್ದಿದ್ರೂ ಅದನ್ನೇ ಅಂತಿದ್ದೆ.”

ಎದುರು ತಂಡದ ನಾಯಕ ಬಂದು ಕಲ್ಲನ್ನು ಕಾಲಿನಿಂದ ಆಚೆ ಸರಿಸಿದ. ಓಡುವ ಕಲ್ಲಿಗೆ ಪೊರಕೆ ತಗುಲಿದರೆ ನಿಯಮ ಎದುರಾಳಿಗೆ ಆ ಹಕ್ಕು ಕೊಟ್ಟಿತ್ತು. ಪೈಕ್‌ನ ತಂಡ ಸೋತಿತು.

ಕ್ಯಾಮೆರಾ ಇತ್ತ ತಿರುಗಿತು. ಪೈಕ್‌ನ ಕೈ ಮೈಕಿನಿಂದ ಇಳಿದು ಓರೆಸ್ಟ್‌ನ ಹೆಗಲೇರಿತು. “ಗೆಲುವಿಗಿಂತ ಆಟದ ಮರ್ಯಾದೆ ದೊಡ್ಡದು. ನಮ್ಮ ತಂಡದಲ್ಲಿ ನಾವು ಕಲಿಸೋದೇ ಇದನ್ನ,” ಎಂದ. ಅವನ ಕಣ್ಣಲ್ಲಿ ನೀರು ಬೇರೆ. ಅದು ಯಾತಕ್ಕೆ ಬಂದ ನೀರು ಎಂದು ನಮಗೆ ಗೊತ್ತಿತ್ತು.

ಓರೆಸ್ಟ್ ದೊಡ್ಡ ಮನುಷ್ಯ ಎಂದು ಊರಿನ ಕೆಲವರು ಈಗಲೂ ಹೇಳುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ತಪ್ಪು ಕಂಡರೆ ಅವನಿಗೆ ನಾಲಿಗೆ ತಡೆಯುವುದಿಲ್ಲ, ಅದೊಂದು ತುರಿಕೆ. ಆ ದಿನ ತಪ್ಪು ಅವನದೇ ಆಗಿತ್ತು, ಅಷ್ಟೆ. ಆದರೆ ಅದೇ ತುರಿಕೆ ಇರುವ ನಮ್ಮಲ್ಲಿ ಎಷ್ಟು ಜನ ಆ ಜಾಗದಲ್ಲಿ ಕೈ ಎತ್ತುತ್ತಿದ್ದರು ಎಂದು ಕೇಳಿದರೆ, ಡೆಲ್ಮರ್ ಕೂಡ ಕಾಫಿ ಲೋಟದೊಳಗೆ ಇಣುಕುತ್ತಾನೆ.

ಭಾನುವಾರ ಬಹುಮಾನ ವಿತರಣೆ. ಕ್ರೀಡಾ ಮನೋಭಾವದ ವಿಶೇಷ ಪದಕವನ್ನು ಮೇಯರ್ ಹೊಸ ಕೋಟಿನಲ್ಲಿ ಬೆವರುತ್ತ ಘೋಷಿಸಿದ. ಲಾಕ್ಲನ್ ಪೈಕ್‌ಗೆ. ಪೈಕ್ ಪದಕಕ್ಕೆ ಮುತ್ತಿಟ್ಟು ತಾಯಿಯನ್ನು ನೆನೆದ, ಕೋಚನ್ನು ನೆನೆದ, ಪ್ರಾಯೋಜಕರಾದ ಟೈರ್ ಕಂಪನಿಯನ್ನೂ ನೆನೆದ. ಓರೆಸ್ಟ್‌ನ ಹೆಸರು ನೆನಪಾಗಲಿಲ್ಲವೋ ಏನೋ, ‘ಸ್ಥಳೀಯ ಮಿತ್ರರೊಬ್ಬರು’ ಎಂದ. ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಓರೆಸ್ಟ್ ಮಾತ್ರ ಕೂತೇ ಇದ್ದ, ಕೈ ಎರಡೂ ತೊಡೆಯ ಮೇಲೆ. ಮೇಯರ್‌ನ ಹೆಂಡತಿ ಹಿಂದಿನ ಸಾಲಿನಿಂದ ಬಗ್ಗಿ, “ಇಷ್ಟು ಹೊಟ್ಟೆಕಿಚ್ಚು ಒಳ್ಳೇದಲ್ಲ ಓರೆಸ್ಟ್,” ಎಂದಳು.

“ಹೊಟ್ಟೆಕಿಚ್ಚಲ್ಲಮ್ಮ, ಐಸ್ ಉಜ್ಜಿ ಉಜ್ಜಿ ಅವ್ರಿಗೆ ಮೊನ್ನೆಯಿಂದ ತೋಳು ಮೇಲೇಳ್ತಿಲ್ಲ,” ಎಂದಳು ಅಡೆಲ್.

“ತೋಳು ಎದ್ದಿದ್ರೂ ತಟ್ತಿರ್ಲಿಲ್ಲ,” ಎಂದ ಓರೆಸ್ಟ್.

ಅಡೆಲ್ ಪಿರೋಗಿಯೊಂದನ್ನು ಹುಳಿಕೆನೆಯಲ್ಲಿ ಅದ್ದಿ ಅವನ ಬಾಯಿಗಿಟ್ಟಳು. ಅವನು ಅಗಿದು ನುಂಗಿ, ಉಪ್ಪು ಕಡಿಮೆಯಾಗಿದೆ ಎಂದ.