ಇಪ್ಪತ್ತೊಂದು ಮನೆಗಳ ಸಾಲು

ಕಳೆದ ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ ಸಮೀಕ್ಷೆಯ ಹುಡುಗಿಯೊಬ್ಬಳು ನಮ್ಮ ಜಗಲಿಗೆ ಬಂದು ಕುಳಿತು, ಮೊಬೈಲ್ ತೆರೆದು, "ಅಕ್ಕ, ಮನೆಯ ವರ್ಷದ ಆದಾಯ ಎಷ್ಟು?" ಎಂದು ಕೇಳಿದಳು. "ಒಂದು ನಿಮಿಷ" ಎಂದು ಒಳಗೆ ಹೋಗಿ ನನ್ನ ಲೆಕ್ಕದ ಪುಸ್ತಕ ತೆಗೆದೆ. ತಪ್ಪಿ ಹಳೆಯದು ಕೈಗೆ ಬಂತು. ಪುಟದ ನಡುವಿನಿಂದ ಹೊಗೆಸೊಪ್ಪಿನ ಪುಡಿ ಉದುರಿತು. ಇಷ್ಟು ವರ್ಷವಾದರೂ ಘಾಟು ಹೋಗಿಲ್ಲ.

ಆ ಪುಡಿ ಎಲ್ಲಿಂದ ಬಂತೆಂದು ಹೇಳಬೇಕಾದರೆ ನೀವು ನನ್ನೊಡನೆ ನಮ್ಮೂರು ಕುಂಬ್ರದ ಆ ಇಪ್ಪತ್ತೊಂದು ಮನೆಗಳಿಗೆ ಬರಬೇಕು. ಕಾಲೇಜೊಂದರ ಮೇಡಂ ಅಧ್ಯಯನ ಮಾಡುತ್ತಿದ್ದರು. ಮೂರು ವರ್ಷ, ವರ್ಷಕ್ಕೊಮ್ಮೆ, ಅದೇ ಮನೆಗಳ ಆದಾಯ ಕೇಳಿ ತರುವುದು ನನ್ನ ಕೆಲಸ. ಅವರಿಗೆ ಬೇಕಾದದ್ದು ಸರಾಸರಿಯಲ್ಲ, ಮಧ್ಯಾಂಕ. ಕಡಿಮೆಯಿಂದ ಹೆಚ್ಚಿಗೆ ಮನೆಗಳನ್ನು ಸಾಲಾಗಿ ನಿಲ್ಲಿಸಿದರೆ ಹನ್ನೊಂದನೆಯ ಮನೆಯದು ಎಷ್ಟು, ಅಷ್ಟೇ. ಅರವತ್ತಮೂರು ಭೇಟಿಯಲ್ಲಿ ಮುಗಿಯಬೇಕಿತ್ತು. ನಾನು ಹೋದದ್ದು ನೂರ ಹದಿನೇಳು ಸಲ. ಕುಡಿದ ಚಹಾ ಎಂಬತ್ತೆಂಟು ಲೋಟ. ಎಲ್ಲ ಬರೆದಿಟ್ಟಿದ್ದೇನೆ.

ಸಂಕಪ್ಪಣ್ಣನಿಂದ ಶುರುಮಾಡುತ್ತೇನೆ, ನನ್ನ ತಲೆನೋವೂ ಅಲ್ಲಿಂದಲೇ ಶುರುವಾದದ್ದು. ಮೊದಲ ವರ್ಷ ಅವರು, "ಆದಾಯ ಇಲ್ಲ. ಅಡಿಕೆ ಕೊಟ್ಟಿಲ್ಲ" ಎಂದರು. ಅವರ ಬೆನ್ನ ಹಿಂದೆಯೇ ಮನೆಯ ಮಾಡಿನವರೆಗೆ ಪೇರಿಸಿದ ಗೋಣಿಚೀಲಗಳು.

"ಮತ್ತೆ ಅದು ಎಂತದು?"

"ಅದು ಅಡಿಕೆ ಮಾರಾಯ್ತಿ. ಕೊಟ್ಟ ಮೇಲೆ ಆದಾಯ. ನಿಂಗೆ ಕಾಲೇಜಲ್ಲಿ ಎಂತ ಕಲಿಸಿದ್ದು?"

ಸೊನ್ನೆ ಬರೆದೆ. ಮರುವರ್ಷ ಎರಡೂ ವರ್ಷದ ಬೆಳೆಯನ್ನು ಒಟ್ಟಿಗೆ ಮಾರಿದರು. ಸಾಲಿನ ತಲೆಯಲ್ಲಿದ್ದ ಬಡವ ಬಾಲಕ್ಕೆ ಹೋಗಿ ಸಾಹುಕಾರನಾಗಿ ನಿಂತ. ಮೇಡಂ ಗಾಬರಿಯಿಂದ ಫೋನು ಮಾಡಿದರು. "ಅವರ ಮನೆಯಲ್ಲಿ ಏನಾಯಿತು?" ಏನೂ ಆಗಿಲ್ಲ ಮೇಡಂ, ರೇಟು ಬಂತು ಎಂದೆ. ಮೂರನೆಯ ವರ್ಷ ಮತ್ತೆ ಗೋಣಿ, ಮತ್ತೆ ಸೊನ್ನೆ.

ಉಳಿದವರಾದರೂ ವಾಸಿಯೇ? ಹದಿನಾಲ್ಕು ಮನೆಯವರು ಮೂರೂ ವರ್ಷ ಒಂದೇ ಸಂಖ್ಯೆ ಹೇಳಿದರು, ರೇಷನ್ ಕಾರ್ಡಿಗೆ ಹಾಕಿದ ಮಿತಿಗಿಂತ ಕೂದಲೆಳೆಯಷ್ಟು ಕಡಿಮೆ. ಇಪ್ಪತ್ತೊಂದರಲ್ಲಿ ಹದಿನಾಲ್ಕು ಒಂದೇ ಆದರೆ ಹನ್ನೊಂದನೆಯದು ಯಾವುದೆಂದು ನೀವೇ ಹೇಳಿ. ಅಕ್ಕಿಯ ಬೆಲೆ ಏರಿತು, ಬಸ್ಸಿನ ದರ ಏರಿತು, ನನ್ನ ಮಧ್ಯಾಂಕ ಮಾತ್ರ ಮೈಲುಗಲ್ಲಿನಂತೆ ನಿಂತಲ್ಲೇ ನಿಂತಿತು. ಆ ಹದಿನಾಲ್ಕರಲ್ಲಿ ಒಂದು ನಮ್ಮದೇ ಮನೆ. ಅಪ್ಪ ಹೇಳಿದರು, ನಾನು ಚಂದದ ಅಕ್ಷರದಲ್ಲಿ ಬರೆದೆ. ಅದಕ್ಕೆ ಮಾತ್ರ ನನಗೆ ಸಿಟ್ಟು ಬಂದ ನೆನಪಿಲ್ಲ.

ನಿಜ ಹೇಳಿದವರು ನೆಬಿಸಮ್ಮ ಒಬ್ಬರೇ. ಬೀಡಿ ಕಟ್ಟುತ್ತಿದ್ದರು. ಮಗ ಗಲ್ಫಿನಲ್ಲಿ ಅಂಗಡಿ ಕೆಲಸಕ್ಕಿದ್ದ. ಗಂಡನಿಗೆ ವಾರಕ್ಕೆ ಎರಡು ಸಲ ಪುತ್ತೂರಿನಲ್ಲಿ ಡಯಾಲಿಸಿಸ್, ಅದು ಉಚಿತವಾಗಿ ನಡೆಯುತ್ತಿದ್ದದ್ದು ಆ ಕಾರ್ಡಿನ ಮೇಲೆಯೇ. ಮೊದಲೆರಡು ವರ್ಷ ಅವರೂ ಕಾರ್ಡಿನ ಸಂಖ್ಯೆಯನ್ನೇ ಹೇಳಿದ್ದರು. ಮೂರನೆಯ ವರ್ಷ ನಾನು, "ಹೆಸರು ಯಾರಿಗೂ ಹೋಗುದಿಲ್ಲ" ಎಂದು ಅಳುವ ದನಿಯಲ್ಲಿ ಹೇಳಿದ ಮೇಲೆ ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಪಾಸ್‌ಬುಕ್ಕು, ಮಗ ಕಳಿಸಿದ್ದು ಎಲ್ಲ ಮುಂದಿಟ್ಟು ಕೂಡಿಸಿ ಹೇಳಿದರು. ಕಾರ್ಡಿನ ಮಿತಿ ದಾಟಿತು. ಸಾಲು ಜೋಡಿಸಿದಾಗ ಇಪ್ಪತ್ತೊಂದು ಮನೆಗಳಲ್ಲಿ ಅತಿ ಶ್ರೀಮಂತರು ಅವರೇ.

ಆ ಸಂಜೆಯೇ ಸಂಕಪ್ಪಣ್ಣ ದಾರಿಯಲ್ಲಿ ಸಿಕ್ಕರು. ತಡೆಯಲಾಗಲಿಲ್ಲ. "ಬೀಡಿ ಕಟ್ಟುವ ನೆಬಿಸಮ್ಮ ಸರಿ ಲೆಕ್ಕ ಕೊಟ್ರು, ನಿಮಗೆಂತ ಕಷ್ಟ?" ಎಂದು ಕೇಳಿ, ಎಷ್ಟೆಂದೂ ಹೇಳಿಬಿಟ್ಟೆ.

ನಾಲ್ಕನೆಯ ದಿನ ರೇಷನ್ ಅಂಗಡಿಯ ಸಾಲಿನಲ್ಲಿ ಯಾರೋ, "ಸಾಹುಕಾರ್ತಿ ಬಂದ್ರು, ದಾರಿ ಬಿಡಿ. ಇವರಿಗೆ ಈ ಅಕ್ಕಿ ಎಂತಕ್ಕೆ?" ಎಂದರಂತೆ. ನಾನು ಅವರ ಮನೆಗೆ ಓಡಿದೆ. ನೆಬಿಸಮ್ಮ ಬಯ್ಯಲಿಲ್ಲ. ನನ್ನ ಪುಸ್ತಕ ತೆಗೆದುಕೊಂಡು ಮಡಿಲಲ್ಲಿದ್ದ, ಹೊಗೆಸೊಪ್ಪು ಹರಡಿದ ಬೀಡಿಯ ಗೆರಸೆಯ ಮೇಲೆ ಬಿಡಿಸಿಟ್ಟರು.

"ನಮ್ಮದು ತೆಗಿ ಮಗಳೇ."

"ಇದು ಸರಕಾರಕ್ಕೆ ಹೋಗುದಿಲ್ಲ ನೆಬಿಸಮ್ಮ."

"ಸರಕಾರಕ್ಕೆ ಹೋಗ್ಲಿಲ್ಲ, ಸಂಕಪ್ಪಣ್ಣನಿಗೆ ಹೋಯ್ತಲ್ಲ."

ಮೂರು ವರ್ಷದಲ್ಲಿ ಸಿಕ್ಕಿದ ಒಂದೇ ಒಂದು ನಿಜವಾದ ಸಂಖ್ಯೆಗೆ ಗೀಟು ಹಾಕಿ, ಪಕ್ಕದಲ್ಲಿ ಹದಿನಾಲ್ಕು ಮನೆಗಳ ಸಂಖ್ಯೆ ಬರೆದೆ. ಹದಿನೈದಾಯಿತು. ಕಾರ್ಡ್ ಹೋಗಲಿಲ್ಲ. ಆದರೆ ತಿಂಗಳುಗಟ್ಟಲೆ ಅವರ ಅಂಗಳದ ಮುಂದೆ ಜೀಪು ನಿಧಾನಿಸಿದರೂ, ಕಾರ್ಡು ಕೇಳಲು ಬಂದವರೋ ಎಂದು, ಬೀಡಿ ಸುತ್ತುವ ಕೈ ನಿಲ್ಲುತ್ತಿತ್ತು. ನನಗೆ ಆಮೇಲೆ ಅಲ್ಲಿ ಚಹಾ ಸಿಗಲಿಲ್ಲ. ಎಂಬತ್ತೆಂಟು ಅಲ್ಲಿಗೇ ನಿಂತ ಲೆಕ್ಕ.

ಈಚೆ ಜಗಲಿಯಲ್ಲಿ ಹುಡುಗಿ ಕಾಯುತ್ತಿದ್ದಳು. ಅಡುಗೆಮನೆಯಿಂದ ಅಮ್ಮ ತಗ್ಗಿದ ದನಿಯಲ್ಲಿ, "ಕಾರ್ಡಲ್ಲಿ ಇದ್ದಷ್ಟೇ ಹೇಳು" ಎಂದರು.

"ಹೆಸರು ಯಾರಿಗೂ ಹೋಗುದಿಲ್ಲ ಅಕ್ಕ" ಎಂದಳು ಹುಡುಗಿ. ನನ್ನದೇ ಮಾತು.

ಅಪ್ಪನ ಗೂಡ್ಸ್ ಆಟೋ, ಅಮ್ಮ ಡೈರಿಗೆ ಹಾಕುವ ಹಾಲು, ನನ್ನ ಸಂಬಳ, ಈ ವರ್ಷದ ಪುಸ್ತಕ ತಂದು ಒಂದೊಂದಾಗಿ ಓದಿ ಹೇಳಿದೆ. ಅವಳು ಕೂಡಿಸಿ ತಲೆಯೆತ್ತಿ ನೋಡಿದಳು. "ಅಕ್ಕ, ಇಷ್ಟು ಹಾಕುದಾ? ಇಷ್ಟು ಯಾರೂ ಹೇಳಿಲ್ಲ."

"ಹಾಕು. ಮುಂದಿನ ಮನೆಯಲ್ಲಿ ನಮ್ಮದೆಷ್ಟು ಅಂತ ಕೇಳಿದ್ರೆ ಹೇಳಬಹುದು. ಅವರದ್ದು ಮಾತ್ರ ನಮಗೆ ಬಂದು ಹೇಳ್ಬೇಡ."

ಒಳಗೆ ಅಮ್ಮನ ಸೌಟಿನ ಸದ್ದು ನಿಂತಿತು.